ಫೈಲಿನ ಮೇಲೆ ಟೈಪ್ 2, ಒಳಗೆ ಬೇರೆ ಕಥೆ

ನನಗೆ ಶುಗರ್ ಬಂದಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ಬಂದರೆ ಟೈಪ್ 2, ಅಂದರೆ ಇನ್ಸುಲಿನ್ ಇದ್ದೂ ಮೈಗೆ ಸರಿಯಾಗಿ ನಾಟದ ಬಗೆ, ಎಂದುಕೊಳ್ಳುವುದೇ ರೂಢಿ. ಫೈಲಿನ ಮೇಲೂ ಹಾಗೇ ಬರೆದರು. ಮೆಟ್‌ಫಾರ್ಮಿನ್ ಶುರುವಾಯಿತು, ಆಮೇಲೆ ಗ್ಲಿಮೆಪಿರೈಡ್ ಮಾತ್ರೆಯೂ ಸೇರಿತು. ಮೊದಲೇ ಸಣಕಲು ದೇಹ. ನಡೆದೂ ನಡೆದೂ, ಊಟ ಇಳಿಸಿ ಇಳಿಸಿ 52 ಕೆ.ಜಿ.ಗೆ ಬಂದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಮಾತ್ರ 7.4ರಿಂದ 9.8ಕ್ಕೆ ಹತ್ತಿತು. ಹೋದಾಗಲೆಲ್ಲ ಅದೇ ಪ್ರಶ್ನೆ: "ಪಥ್ಯ ಸರಿಯಾಗಿ ಮಾಡ್ತಿದೀರಾ?" ಕೊನೆಕೊನೆಗೆ ನನ್ನ ಮೇಲೆ ನನಗೇ ಅನುಮಾನ.

ಬೇರೊಬ್ಬ ವೈದ್ಯೆ ತೂಕ ಇಳಿದ ಪರಿ ನೋಡಿ ಎರಡು ರಕ್ತಪರೀಕ್ಷೆ ಬರೆದುಕೊಟ್ಟರು: ಸಿ-ಪೆಪ್ಟೈಡ್ ಮತ್ತು ಗ್ಯಾಡ್ ಪ್ರತಿಕಾಯ. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೇ ಅಷ್ಟೇ ಪ್ರಮಾಣದಲ್ಲಿ ಸಿ-ಪೆಪ್ಟೈಡ್ ಎಂಬ ತುಣುಕೂ ಹೊರಬೀಳುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಅದಿಲ್ಲ. ಹಾಗಾಗಿ ಮೈಯೊಳಗಿನ ಸ್ವಂತ ಉತ್ಪಾದನೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಗ್ಯಾಡ್ ಪ್ರತಿಕಾಯ ಕಂಡರೆ ದೇಹದ ರಕ್ಷಣಾ ವ್ಯವಸ್ಥೆ ಇನ್ಸುಲಿನ್ ತಯಾರಿಸುವ ತನ್ನದೇ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದಿರುವ ಸೂಚನೆ. ನನಗೆ ಪ್ರತಿಕಾಯ ಧಾರಾಳವಾಗಿತ್ತು. ಸಿ-ಪೆಪ್ಟೈಡ್ ಕಡಿಮೆ, ಪೂರ್ತಿ ಬತ್ತಿರಲಿಲ್ಲ.

"ಹಾಗಾದ್ರೆ ಟೈಪ್ 1 ಅಂತಲಾ ಡಾಕ್ಟ್ರೇ?"

"ನಿಧಾನಕ್ಕೆ ಆ ಕಡೆಗೇ ಹೊರಟಿದೆ."

ಟೈಪ್ 1ರಲ್ಲಿ ಬೀಟಾ ಕೋಶಗಳು ಹಾಳಾಗಿ ಸ್ವಂತ ಇನ್ಸುಲಿನ್ ಬಹುತೇಕ ನಿಲ್ಲುತ್ತದೆ. ದೊಡ್ಡವರಲ್ಲಿ ಅದೇ ನಿಧಾನವಾಗಿ ಆಗುವುದಕ್ಕೆ ಲಾಡಾ ಎನ್ನುತ್ತಾರೆ. ಬಾಯಿಮಾತಲ್ಲಿ ಒಂದೂವರೆ ಟೈಪ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥದ್ದನ್ನು ಮಿಶ್ರ ರೂಪಗಳ ಸಾಲಿಗೆ ಹಾಕಿದೆ. ಅದೇ ಸಾಲಿನಲ್ಲಿ ಉಲ್ಟಾ ಕಥೆಯೂ ಇದೆ: ಕೀಟೋಆಸಿಡೋಸಿಸ್ ಆಗಿ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಆಸ್ಪತ್ರೆ ಸೇರಿ, ಇನ್ಸುಲಿನ್‌ನಿಂದ ಬದುಕಿ, ಕೆಲವು ತಿಂಗಳಲ್ಲೇ ಅದನ್ನು ಬಿಟ್ಟು ಮಾತ್ರೆಗೆ ಮರಳುವವರು. ಸೂಜಿ ಹಿಡಿದವರೆಲ್ಲ ಟೈಪ್ 1 ಅಲ್ಲ, ಮಾತ್ರೆಯಲ್ಲಿರುವವರೆಲ್ಲ ಟೈಪ್ 2 ಅಲ್ಲ.

ಗ್ಲಿಮೆಪಿರೈಡ್ ನಿಲ್ಲಿಸಿದರು. ಕೆ.ಜಿ.ಗೆ 0.1 ಯೂನಿಟ್ ಲೆಕ್ಕದಲ್ಲಿ ರಾತ್ರಿಗೆ 5 ಯೂನಿಟ್ ದೀರ್ಘಾವಧಿ ಇನ್ಸುಲಿನ್. ಬೆಳಗಿನ ಖಾಲಿಹೊಟ್ಟೆ ರೀಡಿಂಗ್ ನೋಡಿಕೊಂಡು, ಅವರನ್ನು ಕೇಳಿಕೊಂಡು, ಮೂರು ದಿನಕ್ಕೊಮ್ಮೆ ಒಂದೊಂದು ಯೂನಿಟ್ ಏರಿಸಿದೆ. ಇನ್ಸುಲಿನ್ ಪೆನ್ನಿನಿಂದ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಸೂಜಿಯ ತುದಿಯಲ್ಲಿ ಹನಿ ಕಾಣಬೇಕು. ಚುಚ್ಚಿ, ಗುಂಡಿ ಒತ್ತಿ, ಹತ್ತು ಎಣಿಸಿ ತೆಗೆಯಬೇಕು. 4 ಮಿ.ಮೀ. ಸೂಜಿ, ನೋವೆಂದರೆ ಇರುವೆ ಕಚ್ಚಿದಷ್ಟೂ ಇಲ್ಲ.

ಎಡವಿದ್ದು ಬೇರೆ ಕಡೆ. ಹೊಕ್ಕುಳಿನ ಬಲಕ್ಕೆ ಒಂದು ಜಾಗದಲ್ಲಿ ನೋವೇ ಆಗುತ್ತಿರಲಿಲ್ಲ. ಸೋಮಾರಿತನಕ್ಕೆ ತಿಂಗಳುಗಟ್ಟಲೆ ಅಲ್ಲೇ ಚುಚ್ಚಿದೆ. ಅಲ್ಲಿ ರಬ್ಬರಿನಂಥ ಗಂಟು ಕಟ್ಟಿತು. ಗಂಟಿನಲ್ಲಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲವೆಂದು ತಿಳಿಯದೆ ಡೋಸ್ ಏರಿಸುತ್ತಲೇ ಹೋಗಿದ್ದೆ. ಒಂದು ರಾತ್ರಿ ಎಡಗಡೆಗೆ ಅಷ್ಟೇ ಡೋಸ್ ಹಾಕಿಕೊಂಡೆ. ಮೂರು ಗಂಟೆಗೆ ಎಚ್ಚರವಾದಾಗ ದಿಂಬು ಬೆವರಲ್ಲಿ ತೊಯ್ದಿತ್ತು, ಮೀಟರಿನಲ್ಲಿ ಶುಗರ್ ಬರೀ 52. ಗ್ಲುಕೋಸ್ ಪೊಟ್ಟಣ ಹರಿಯಲು ಬೆರಳು ಕೇಳಲಿಲ್ಲ, ಹಲ್ಲಿನಲ್ಲಿ ಹರಿದೆ. 15 ಗ್ರಾಂ ತಿಂದು 15 ನಿಮಿಷ ಕಾಯಬೇಕು. ಆ 15 ನಿಮಿಷ ಎಷ್ಟು ಉದ್ದವೆಂದು ಯಾರೂ ಹೇಳಿರಲಿಲ್ಲ. ಜಾಗ ಬದಲಿಸುವಾಗ ಡೋಸ್ ಇಳಿಸಬೇಕಿತ್ತಂತೆ.

ಈಗ ಸಿ-ಪೆಪ್ಟೈಡ್ ಇನ್ನೂ ಇಳಿದಿದೆ, ಊಟಕ್ಕೆ ಮುಂಚಿನ ಇನ್ಸುಲಿನ್ ಸೇರಿದೆ. ಹಳೇ ಫೈಲಿನ ಮೇಲೆ ಟೈಪ್ 2 ಹಾಗೇ ಉಳಿದಿತ್ತು. ಅದನ್ನು ನೋಡಿ ಈಚೆಗೆ ಒಬ್ಬರು ಎಸ್‌ಜಿಎಲ್‌ಟಿ2 ಗುಂಪಿನ, ಅಂದರೆ ಮೂತ್ರದಲ್ಲಿ ಶುಗರ್ ಹೊರಹಾಕಿಸುವ, ಮಾತ್ರೆ ಬರೆಯಲು ಹೊರಟರು. ನನ್ನಂಥವರಿಗೆ ಅದರಿಂದ ಶುಗರ್ ಹೆಚ್ಚು ಏರದೆಯೂ ಕೀಟೋಆಸಿಡೋಸಿಸ್ ಆಗುವ ಅಪಾಯವಿದೆ. ಗ್ಯಾಡ್ ರಿಪೋರ್ಟ್ ತೋರಿಸಿದ ಮೇಲೆ ಚೀಟಿ ಹಿಂದಕ್ಕೆ ತೆಗೆದುಕೊಂಡರು. ಆ ರಿಪೋರ್ಟಿನ ನಕಲೊಂದು ಈಗ ಇನ್ಸುಲಿನ್ ಪೆನ್ನಿನ ಚೀಲದಲ್ಲೇ ಇರುತ್ತದೆ.