ಕಂಬಳಿಕೊಪ್ಪೆಯಲ್ಲಿ ಕುಳಿತು ಹೊಡೆದ ಜಿಂಕೆ

ಕಂಬಳಿ ಹೊದ್ದು ಶಿಕಾರಿಗೆ ಹೊರಟ ನನ್ನನ್ನು ನೋಡಿ ನಕ್ಕವರು ಮೂವರು. ಇಬ್ಬರು ಇಲ್ಲಿ, ಅಮೆರಿಕದ ಮಿಷಿಗನ್ನಿನಲ್ಲೇ ಹುಟ್ಟಿ, ಮೀಸೆ ಮೂಡುವ ಮೊದಲೇ ಜಿಂಕೆ ಹೊಡೆದವರು, ಕಾರ್ಖಾನೆಯಲ್ಲಿ ನನ್ನ ಜೊತೆಯವರು. ಮೂರನೆಯವನು ಹಾಸನದ ಕಡೆಯವನು; ಅವನ ನಗೆಯೇ ಹೆಚ್ಚು ಚುಚ್ಚಿದ್ದು. "ಗೌಡರೇ, ಎಮ್ಮೆ ಕಾಯಲು ಹೊರಟಿರೋ?" ಎಂದ. 2023ರ ನವೆಂಬರ್ ಮುಗಿದಾಗ ಮೂವರ ಫ್ರೀಜರೂ ಖಾಲಿ, ನನ್ನದು ಭರ್ತಿ. ಈ ಬರಹಕ್ಕೆ ಅದೇ ಕಾರಣ.

ನಾನು ಕೊಪ್ಪದ ಕಡೆಯವನು. ನಾನು ಹುಟ್ಟುವ ಹೊತ್ತಿಗೆ ಬೇಟೆ ನಿಷೇಧಿಸುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಿತ್ತು, ಅಜ್ಜನ ಕೇಪಿನ ಕೋವಿ ಅಟ್ಟ ಸೇರಿತ್ತು. ಆತ ಶಿಕಾರಿ ಬಿಟ್ಟದ್ದು ಕಾಯ್ದೆಗೆ ಹೆದರಿಯೋ ಅಜ್ಜಿಯ ಬೈಗುಳಕ್ಕೆ ಹೆದರಿಯೋ, ಮನೆಯಲ್ಲಿ ಇನ್ನೂ ಎರಡು ಮಾತಿದೆ. ನನಗೆ ದಕ್ಕಿದ್ದು ಮರಸು ಕೂರುವ, ಅಂದರೆ ಮರೆಯಲ್ಲಿ ಅಡಗಿ ಪ್ರಾಣಿಗೆ ಕಾಯುವ, ಕಥೆಗಳು ಮಾತ್ರ. ಕೋವಿ ಹಿಡಿದದ್ದು ಇಲ್ಲಿಗೆ ಬಂದು, ಹಸಿರು ಕಾರ್ಡ್ (ಕಾಯಂ ನೆಲೆಸುವ ಅನುಮತಿ) ಸಿಕ್ಕಿ, ಬೇಟೆಗಾರರ ಸುರಕ್ಷತಾ ತರಗತಿ ಮುಗಿಸಿದ ಮೇಲೆ, 2016ರಲ್ಲಿ.

ಕೋವಿಗೆ ಸುರಿದ ದುಡ್ಡಿನ ಲೆಕ್ಕ ಹೆಂಡತಿಗೆ ಪೂರ್ತಿ ಗೊತ್ತಿಲ್ಲ. ಮಿಷಿಗನ್ನಿನ ನಮ್ಮ ಲಪೀರ್ ಕಡೆ ಜಿಂಕೆ ಬೇಟೆಗೆ ಮಾಮೂಲಿ ರೈಫಲ್ ಆಗ ನಡೆಯುತ್ತಿರಲಿಲ್ಲವಲ್ಲ, ಮೊದಲು ಹಳೆಯದೊಂದು 12 ಬೋರಿನ ಕೋವಿ ತೆಗೆದುಕೊಂಡೆ, ಸುಮಾರು 280 ಡಾಲರ್. ಎಂಬತ್ತು ಗಜದಲ್ಲಿ ನಿಂತ ಜಿಂಕೆಗೆ ಹೊಡೆದ ಈಡು ಓಕ್ ಮರಕ್ಕೆ ಹೋಯಿತು. ನೇರ ತೋಟಾದ, ಅಂದರೆ ಕತ್ತಿನ ಬಳಿ ಕಿರಿದಾಗದ ತೋಟಾ ಹಾಕುವ, ರೈಫಲ್‌ಗಳಿಗೆ 2014ರಲ್ಲೇ ಅನುಮತಿ ಸಿಕ್ಕಿತ್ತು. ಅಂಥವುಗಳಲ್ಲಿ ಎಲ್ಲರೂ ಹೊಗಳುತ್ತಿದ್ದ 450 ಬುಷ್‌ಮಾಸ್ಟರ್ ತೋಟಾದ ರೈಫಲ್ ಕೊಂಡೆ, ದುರ್ಬೀನು ಸೇರಿ ಏಳುನೂರು ಆಗಿರಬೇಕು. ಅದರ ಒದೆತಕ್ಕೆ ಹತ್ತು ಈಡಿನಲ್ಲೇ ಹೆದರಿಕೆ ಹುಟ್ಟಿತು. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಎರಡು ಋತು ಒದ್ದಾಡಿ ಇನ್ನೂರು ಡಾಲರ್ ನಷ್ಟಕ್ಕೆ ಮಾರಿದೆ. ಆಮೇಲೆ 2019ರಲ್ಲಿ ಬಂದ 350 ಲೆಜೆಂಡ್ ತೋಟಾದ ರೈಫಲ್‌ಗೆ ಬದಲಾದೆ. ಆ ತೋಟಾವನ್ನು "ಹೆಂಗಸರ ತೋಟಾ" ಎಂದು ಹೀಯಾಳಿಸುವವರಿದ್ದಾರೆ. ಹೀಯಾಳಿಸಲಿ. ನೂರು ಗಜದೊಳಗೆ ಜಿಂಕೆಗೆ ಅಷ್ಟು ಸಾಕು, ನನ್ನ ಹೆಗಲಿಗೂ ಅಷ್ಟೇ ಸಾಕು.

ಆದರೆ ಕೋವಿ ಸರಿಹೋದರೂ ಜಿಂಕೆ ಹತ್ತಿರ ಬರಲಿಲ್ಲ. ಮರಕ್ಕೆ ಏಣಿಯ ಅಟ್ಟಣೆ ಕಟ್ಟಿದೆ, ಮೈಗೆ ಎಲೆ ಚಿತ್ರದ ಜಾಕೆಟ್ಟು ಷರಾಯಿ ಹಾಕಿದೆ, ಅದಕ್ಕೇ ನಾನೂರು ಡಾಲರ್ ಹತ್ತಿರ. ವಾಸನೆ ಮರೆಸುವ ಸಿಂಪಡಣೆಯನ್ನೂ ಬಿಡಲಿಲ್ಲ. ಗಂಡನ್ನು ಸೆಳೆಯಲೆಂದು ತಂದ ಹೆಣ್ಣು ಜಿಂಕೆಯ ಮೂತ್ರದ ಸೀಸೆಯೊಂದು ಕಾರಿನಲ್ಲೇ ಚೆಲ್ಲಿತು. ಜಿಂಕೆ ಬಂತೋ ಇಲ್ಲವೋ, ಆ ಕಾರಿಗೆ ಹೆಂಡತಿ ಒಂದು ತಿಂಗಳು ಹತ್ತಲಿಲ್ಲ. ಅಟ್ಟಣೆಯಲ್ಲಿ ಕುಳಿತು ತೋಳು ಅಲ್ಲಾಡಿಸಿದರೆ, ಚಳಿಗೆ ಸೆಟೆದ ನೈಲಾನು ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು. ಜಿಂಕೆ ತಲೆ ಎತ್ತುವುದು, ಮುಂಗಾಲು ನೆಲಕ್ಕೆ ಅಪ್ಪಳಿಸುವುದು, ಬಿಳಿ ಬಾಲ ನಿಗುರಿಸಿ ಹೋಗುವುದು. ಐದು ವರ್ಷ ಇದನ್ನೇ ನೋಡಿದೆ.

ಒಂದು ರಾತ್ರಿ ಚೇಳು ಹುಡುಕುವ ನೇರಳೆ ಬೆಳಕಿನ ಟಾರ್ಚನ್ನು ಬಚ್ಚಲುಮನೆಯ ಕತ್ತಲಲ್ಲಿ ನನ್ನ ಬಟ್ಟೆಗಳ ಮೇಲೆ ಬಿಟ್ಟು ನೋಡಿದೆ. ನಾನೂರು ಡಾಲರಿನ ಜಾಕೆಟ್ಟು ದೀಪಾವಳಿಯ ಹಾಗೆ ನೀಲಿ ಬೆಳಗಿತು! ಮನೆಯ ಸಾಬೂನು ಪುಡಿಯಲ್ಲಿನ ಹೊಳಪಿನ ಮದ್ದು ಅದು. ಜಿಂಕೆಗೆ ಕಿತ್ತಳೆ ಬಣ್ಣ ನಮ್ಮ ಹಾಗೆ ಕಾಣುವುದಿಲ್ಲ, ನೀಲಿ ಚೆನ್ನಾಗಿಯೇ ಕಾಣುತ್ತದೆ. ಅಲ್ಲೇ ಮೂಲೆಯಲ್ಲಿ ಊರಿನಿಂದ ತಂದಿದ್ದ ಕರಿ ಕಂಬಳಿಯ ಮೇಲೂ ಟಾರ್ಚ್ ಹಿಡಿದೆ. ಅದು ಬಾವಿಯ ಹಾಗೆ ಕಪ್ಪಾಗಿಯೇ ಉಳಿಯಿತು. ಆ ಹುಚ್ಚಿನಲ್ಲಿ ಮಗಳ ಶಾಲೆಯ ಅಂಗಿ, ಪರದೆ, ನನ್ನ ಜನಿವಾರದ ಗೆಳೆಯನೊಬ್ಬ ಬಿಟ್ಟುಹೋಗಿದ್ದ ಪಂಚೆ, ಎಲ್ಲಕ್ಕೂ ಟಾರ್ಚ್ ಬಿಟ್ಟೆ. ಪಂಚೆಯದು ಮೊದಲ ಸ್ಥಾನ.

ಚಳ್ಳಕೆರೆಯ ಕಂಬಳಿ ಅದು, ಸಾವಿರದ ಎಂಟುನೂರು ರೂಪಾಯಿ ಕೊಟ್ಟ ನೆನಪು. ಬಣ್ಣ ಹಾಕದ ಕುರಿಯ ಕೂದಲು. ಎಷ್ಟು ಚಳಿಯಾದರೂ ಸದ್ದಿಲ್ಲ. 2022ರಲ್ಲಿ ಕೊಪ್ಪೆ ಮಾಡಿ ಹೊದ್ದು ಹೋದೆ. ಮೂವರು ನಕ್ಕದ್ದು ಆಗಲೇ, ಮತ್ತು ಆ ವರ್ಷ ಅವರೇ ಗೆದ್ದರು. ಅರವತ್ತು ಗಜಕ್ಕೆ ಬಂದ ಹೆಣ್ಣು ಜಿಂಕೆ ಮೂಗು ಎತ್ತಿ ಒಮ್ಮೆ ಬುಸುಗುಟ್ಟಿ ಓಡಿತು. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಹೊಳೆಯಿತು: ಅಮ್ಮ ಮಡಿಕೆಯ ನಡುವೆ ನುಸಿಗುಳಿಗೆ ಇಟ್ಟು ಕಳಿಸಿದ್ದರು! ಅಂಟುವಾಳದ ನೀರಿನಲ್ಲಿ ನಾಲ್ಕು ಸಲ ಒಗೆದೆ. ಬೇಸಿಗೆಯಿಡೀ ಕೊಟ್ಟಿಗೆಯ ಹಿಂದೆ ಗಾಳಿಗೆ ನೇತುಹಾಕಿದೆ. ಆಮೇಲೆ ಡಬ್ಬಿಯಲ್ಲಿ ಅದರ ಜೊತೆ ಏನನ್ನು ತುಂಬಿಟ್ಟೆ ಎಂಬುದನ್ನು ಮಾತ್ರ ಕೇಳಬೇಡಿ.

ಅಟ್ಟಣೆ ಬಿಚ್ಚಿ ಮಾರಿದೆ. ನೆಲದ ಮೇಲೆ, ಬಿದ್ದ ಮರದ ಬೊಡ್ಡೆಗೆ ಬೆನ್ನು ಕೊಟ್ಟು, ಗಾಳಿ ಮುಖಕ್ಕೆ ಬರುವಂತೆ ಸಣ್ಣ ಮಣೆಯ ಮೇಲೆ ಕೂರುವುದು. ಬೇರೆ ಬೇಟೆಗಾರರಿಗೆ ಕಾಣಲೆಂದು ಕೊಪ್ಪೆಯ ಮೇಲಿನಿಂದಲೇ ಕಿತ್ತಳೆ ಟೊಪ್ಪಿ, ಕಂಬಳಿಯ ಮೇಲಿನಿಂದಲೇ ಕಿತ್ತಳೆ ತೋಳಿಲ್ಲದಂಗಿ; ಅದನ್ನು ಕಂಬಳಿಯೊಳಗೆ ಹಾಕಿದರೆ ಕಾನೂನಿಗೂ ಸಲ್ಲ, ಜೀವಕ್ಕೂ ಸಲ್ಲ. ಕಂಬಳಿಗೆ ಒಂದು ಹೊಲಿಗೆ ಹಾಕಿಕೊಂಡಿದ್ದೇನೆ, ಬಲಗೈ ಸರಾಗವಾಗಿ ಹೊರಬರಲಿ ಎಂದು. ಅದು ಎಲ್ಲಿ ಎಂಬುದೂ ನನ್ನಲ್ಲೇ ಇರಲಿ.

2023ರ ಋತು ಮುಗಿಯಲು ಎರಡೇ ದಿನ ಉಳಿದಿತ್ತು. ಇಪ್ಪತ್ತರ ಆಸುಪಾಸು ಫ್ಯಾರನ್‌ಹೀಟ್, ಅಂದರೆ ಮೈನಸ್ ಏಳು ಸೆಲ್ಸಿಯಸ್ ಇದ್ದಿರಬೇಕು. ಎಂಟೂವರೆಗೆ ಹಿಂದೆ ತರಗೆಲೆ ಸದ್ದಾಯಿತು. ಅಳಿಲು ಎಂದುಕೊಂಡೆ, ಈ ಅಳಿಲುಗಳು ನನ್ನನ್ನು ಏಳು ವರ್ಷ ಮೋಸ ಮಾಡಿವೆ. ಅದು ಮೂರು ಜಿಂಕೆ. ಮುಂದಿನ ಎರಡು ನನ್ನ ಎಡಗಡೆಯಿಂದ ಹಾದುಹೋದವು, ಒಂದರ ಉಸಿರಿನ ಹಬೆ ಕಾಣುವಷ್ಟು ಹತ್ತಿರ. ಮೂರನೆಯದು, ಕೊಂಬಿನಲ್ಲಿ ಎಂಟು ಕವಲಿನ ಗಂಡು, ನಲವತ್ತು ಗಜದಲ್ಲಿ ಅಡ್ಡ ನಿಂತಿತು. ಕೈ ಹೊರಗೆ ತಂದದ್ದು ನನಗೇ ಕೇಳಿಸಲಿಲ್ಲ. ಮುಂಗಾಲಿನ ಹಿಂದೆ ಒಂದೇ ಈಡು. ಓಡಿತು. ಅರ್ಧ ಗಂಟೆ ಕಾಯಬೇಕೆಂದು ಗೊತ್ತಿದ್ದರೂ ಇಪ್ಪತ್ತು ನಿಮಿಷಕ್ಕೇ ಎದ್ದೆ. ನೊರೆ ನೊರೆ ತಿಳಿಗೆಂಪು ರಕ್ತದ ಜಾಡು, ಶ್ವಾಸಕೋಶದ್ದು. ಎಪ್ಪತ್ತು ಹೆಜ್ಜೆಯಲ್ಲಿ ಬಿದ್ದಿತ್ತು. ಅಲ್ಲೇ ಬೇಟೆ ಪರವಾನಗಿಯ ಚೀಟಿ ಕಟ್ಟಿದೆ.

ಕಟುಕರ ಅಂಗಡಿಯಲ್ಲಿ ಆಗ ನೂರೈವತ್ತು ಡಾಲರ್ ಕೇಳುತ್ತಿದ್ದರು, ಗ್ಯಾರೇಜಿನಲ್ಲಿ ನಾನೇ ಕೊಯ್ದೆ. ಮೂಳೆ ಬಿಟ್ಟು ಐವತ್ತು ಪೌಂಡಿನ ಮೇಲೇ ಸಿಕ್ಕಿತು. ಕೊಬ್ಬನ್ನು ಪೂರ್ತಿ ಕಿತ್ತು ಬಿಸಾಡಿ. ಅದು ಮೇಣದ ಹಾಗೆ ಅಂಗುಳಿಗೆ ಹತ್ತುತ್ತದೆ. ಕಾಳುಮೆಣಸು ಹೆಚ್ಚು ಹಾಕಿ ಕುಕ್ಕರಿನಲ್ಲಿ ಆರು ಸೀಟಿ, ಆಮೇಲೆ ಬಾಣಲೆಯಲ್ಲಿ ಒಣಗುವವರೆಗೆ ಹುರಿಯುವುದು. ಜೊತೆಗೆ ಕಡುಬು. ಹಾಸನದವನು ಮೂರು ಸಲ ಬಡಿಸಿಕೊಂಡ, ಎಮ್ಮೆಯ ಮಾತೆತ್ತಲಿಲ್ಲ.

ಮುಂದಿನ ಜನವರಿಯಲ್ಲಿ ಊರಿಗೆ ಹೊರಟಾಗ ಮೂವರೂ ಒಂದೊಂದು ಕಂಬಳಿ ತರಲು ಹೇಳಿದರು. ಒಂದೊಂದೂ ಎರಡು ಮೂರು ಕಿಲೋ ತೂಗುತ್ತದೆ, ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಗೆ ಜಾಗವಿಲ್ಲ ಎಂದು ಅಮ್ಮ ಗೊಣಗಿದರು. ಅಂಗಡಿಯವನು ಚೆಂದ ಎಂದು ಬಿಳಿ ಅಂಚಿನದನ್ನೇ ಮುಂದಿಡುತ್ತಿದ್ದ. ಬಿಳಿ ಬಾಲದ ಜಿಂಕೆಯ ಕಾಡಿನಲ್ಲಿ ಕೋವಿ ಹಿಡಿದವರ ಮುಂದೆ ಬಿಳಿ ಅಲ್ಲಾಡಿಸುವುದು ಎಂಥ ಅಪಾಯ ಎಂದು ಅವನಿಗೆ ಹೇಗೆ ವಿವರಿಸಲಿ? ಪೂರ್ತಿ ಕರಿಯದೇ ಮೂರು ಬೇಕು ಎಂದು ಹಟ ಹಿಡಿದು ಕುಳಿತೆ.