ಕಾಲಿಗಿಂತ ಮೊದಲು ಮೂತ್ರಕೋಶ: ಬೆನ್ನುಹುರಿಯ ಉರಿಯೂತ ಬಂದವರು ಮನೆಯಲ್ಲಿ ಏನೇನು ಮಾಡಬೇಕು

ಚಪ್ಪಲಿ ಹಿಂದೆಯೇ ಉಳಿದಿತ್ತು, ನಾನು ನಾಲ್ಕು ಹೆಜ್ಜೆ ಮುಂದೆ ಬಂದಿದ್ದೆ. ಹಿಂದಿನಿಂದ ಬರುತ್ತಿದ್ದ ಹುಡುಗನೊಬ್ಬ ‘ಸರ್, ಚಪ್ಪಲಿ’ ಎಂದು ಕೂಗಿದಾಗಲೇ ಬಲಗಾಲು ಬರಿಗಾಲಾಗಿದೆ ಎಂದು ಗೊತ್ತಾಗಿದ್ದು. ಹಿಂದಿನ ದಿನದಿಂದ ಹೊಟ್ಟೆಯ ಸುತ್ತ ಯಾರೋ ಬೆಲ್ಟು ಬಿಗಿದಂತಿತ್ತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗಿದ್ದೆ. ಮಾರನೆಯ ಬೆಳಿಗ್ಗೆ ಎಷ್ಟು ತಿಣುಕಿದರೂ ಮೂತ್ರ ಬರಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು.

ಊರಿನವರು ಇದಕ್ಕೆ ಲಕ್ವ ಅಂದರು. ಲಕ್ವ ಅಲ್ಲ. ಲಕ್ವದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ಸಾಮಾನ್ಯವಾಗಿ ಒಂದೇ ಮಗ್ಗುಲಿನ ಕೈ ಕಾಲು ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಇಲ್ಲಿ ಮುಖ, ಮಾತು ಎಲ್ಲ ಸರಿಯಾಗಿಯೇ ಇರುತ್ತವೆ. ದೇಹದ ಮೇಲೆ ಒಂದು ಗೆರೆ ಎಳೆದಂತೆ, ಆ ಗೆರೆಯ ಕೆಳಗೆ ಸ್ಪರ್ಶ ಕಡಿಮೆ, ಬಲ ಕಡಿಮೆ, ಮಲಮೂತ್ರದ ಮೇಲೆ ಹಿಡಿತ ಕಡಿಮೆ. ಬೆನ್ನುಹುರಿ ಅಂದರೆ ಕಿರುಬೆರಳಿನಷ್ಟು ದಪ್ಪದ, ಸುಮಾರು 45 ಸೆಂ.ಮೀ. ಉದ್ದದ ನರದ ಹಗ್ಗ. ಅದರ ಒಂದು ಕಡೆ ಉರಿಯೂತವಾಗಿ ಊದಿಕೊಂಡರೆ ಮೇಲಿನ ಸುದ್ದಿ ಕೆಳಕ್ಕಿಲ್ಲ, ಕೆಳಗಿನದು ಮೇಲಕ್ಕಿಲ್ಲ. ವೈದ್ಯರ ಚೀಟಿಯಲ್ಲಿ ಇದು ‘ಟ್ರಾನ್ಸ್‌ವರ್ಸ್ ಮಯಲೈಟಿಸ್’.

ಮೊದಲು: ಕಾಯಬೇಡಿ

ಕೆಲವೇ ಗಂಟೆಗಳಿಂದ ಹಿಡಿದು ಮೂರು ವಾರದೊಳಗೆ ಇದು ಪೂರ್ತಿ ಜೋರಿಗೆ ಬರುತ್ತದೆ. ಕಾಲು ಜೋಮು, ಹೊಟ್ಟೆಯ ಸುತ್ತ ಬಿಗಿತ, ಮೂತ್ರ ಕಟ್ಟುವುದು, ಈ ಮೂರೂ ಒಟ್ಟಿಗೆ ಬಂದರೆ ಎಣ್ಣೆ ತಿಕ್ಕಿಸಿಕೊಳ್ಳಲು, ಬೆನ್ನು ನೀವಿಸಿಕೊಳ್ಳಲು ಹೋಗಬೇಡಿ. ಎಂಆರ್‌ಐ ಇರುವ, ನರರೋಗ ತಜ್ಞರಿರುವ ಆಸ್ಪತ್ರೆಗೆ ಅದೇ ದಿನ ಹೋಗಿ. ಯಾಕೆಂದರೆ ಹುರಿಯನ್ನು ಹೊರಗಿನಿಂದ ಒತ್ತುವ ಗಡ್ಡೆ, ಜಾರಿದ ಡಿಸ್ಕ್, ನಮ್ಮಲ್ಲಿ ಇನ್ನೂ ಸಾಕಷ್ಟು ಕಾಣುವ ಬೆನ್ನುಮೂಳೆಯ ಕ್ಷಯ, ಇವೆಲ್ಲ ಹೊರನೋಟಕ್ಕೆ ಹೀಗೇ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ತುರ್ತು ಶಸ್ತ್ರಚಿಕಿತ್ಸೆಯೇ ಬೇಕು. ಬಿ12 ಕೊರತೆಯೂ ನಿಧಾನವಾಗಿ ಇದೇ ವೇಷ ಹಾಕುವುದುಂಟು.

ಉರಿಯೂತವೇ ಎಂದು ಖಚಿತವಾದರೆ ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ. ಸಕ್ಕರೆ ಏರುತ್ತದೆ, ನಿದ್ದೆ ಹಾರುತ್ತದೆ, ರಾತ್ರಿ ಎರಡು ಗಂಟೆಗೆ ಜಗತ್ತನ್ನೇ ಗೆಲ್ಲುವ ಯೋಜನೆಗಳು ಹೊಳೆಯುತ್ತವೆ, ಗಾಬರಿ ಬೇಡ. ಇದಕ್ಕೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬೇರೆ ತುಂಬುವುದು, ದಿನ ಬಿಟ್ಟು ದಿನ, 5ರಿಂದ 7 ಸಲ.

ಬಿಡುಗಡೆಗೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ‘ಇದು ಮತ್ತೆ ಬರುವ ಜಾತಿಯದೋ?’ ಸೋಂಕಿನ ಬೆನ್ನಿಗೆ ಬಂದು ಒಂದೇ ಸಲಕ್ಕೆ ಮುಗಿಯುವುದೂ ಉಂಟು. ಆದರೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು ಮತ್ತು ಬೆನ್ನುಹುರಿಯ ನರದ ಹೊದಿಕೆ ಕೆಡುವ ರೋಗ) ಆಗಿದ್ದರೆ, ಎನ್‌ಎಂಒ (ನ್ಯೂರೋಮಯಲೈಟಿಸ್ ಆಪ್ಟಿಕಾ, ಬೆನ್ನುಹುರಿಗೂ ಕಣ್ಣಿನ ನರಕ್ಕೂ ಬರುವ ಉರಿಯೂತ) ಆಗಿದ್ದರೆ ಮರುಕಳಿಸುವುದೇ ಹೆಚ್ಚು. ಎನ್‌ಎಂಒ ಪತ್ತೆಗೆ ರಕ್ತದಲ್ಲಿ ಅಕ್ವಾಪೊರಿನ್-4 ಪ್ರತಿಕಾಯ ನೋಡುತ್ತಾರೆ. ಇದರ ಜೊತೆಗೆ, ಇಂಥದ್ದೇ ಇನ್ನೊಂದು ರೋಗದ ಪತ್ತೆಗೆ ಮಾಗ್ (MOG) ಪ್ರತಿಕಾಯದ ಪರೀಕ್ಷೆಯೂ ಇದೆ. ಈ ಗುಂಪಿನ ರೋಗಗಳ ಬಗ್ಗೆ ದೇಶದಲ್ಲಿ ನಡೆದ ಒಳ್ಳೆಯ ಸಂಶೋಧನೆಗಳಲ್ಲಿ ಕೆಲವು ನಮ್ಮ ಮಂಗಳೂರಿನಲ್ಲೇ, ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡದಿಂದ ಆಗಿವೆ. ಎಂಆರ್‌ಐನಲ್ಲಿ ಮೂರು ಅಥವಾ ಹೆಚ್ಚು ಕಶೇರುಗಳಷ್ಟು (ಬೆನ್ನುಮೂಳೆಯ ಮಣಿಗಳಷ್ಟು) ಉದ್ದದ ಕಲೆ ಕಂಡಿದ್ದರಂತೂ ಈ ರಕ್ತಪರೀಕ್ಷೆ ಬಿಡಬೇಡಿ. ಎನ್‌ಎಂಒ ಎಂದಾದರೆ ರೋಗನಿರೋಧಕತೆ ತಗ್ಗಿಸುವ ಮಾತ್ರೆ ಅಥವಾ ಇಂಜೆಕ್ಷನ್ ವರ್ಷಗಟ್ಟಲೆ ಬೇಕು. ಕಾಲು ಸುಧಾರಿಸಿತು ಅಂತ ನೀವೇ ನಿಲ್ಲಿಸಿದರೆ ಮುಂದಿನ ಸಲ ಕಣ್ಣಿಗೂ ಬರಬಹುದು.

ಮನೆಗೆ ಬಂದ ಮೇಲೆ: ಮೂತ್ರದ ವೇಳಾಪಟ್ಟಿ

ನೋಡಲು ಬಂದವರೆಲ್ಲ ಕೇಳುವುದು ಒಂದೇ, ‘ಯಾವಾಗ ನಡೀತಾರೆ?’ ಹಣ್ಣು ತಂದವರೂ ಅದೇ, ಖಾಲಿ ಕೈಲಿ ಬಂದವರೂ ಅದೇ. ನಡೆಯುವ ಮಾತು ಆಮೇಲೆ. ಗಾಲಿಕುರ್ಚಿಯಲ್ಲಿ ಕೂತು ಐವತ್ತು ವರ್ಷ ಬದುಕಬಹುದು. ಮೂತ್ರಪಿಂಡ ಕೆಟ್ಟರೆ ಆಗದು. ನಿಮ್ಮ ಮೊದಲ ತಿಂಗಳ ಗಮನ ಪೂರ್ತಿ ಇಲ್ಲಿರಲಿ.

ಮೂತ್ರಕೋಶ ತಾನಾಗಿ ಪೂರ್ತಿ ಖಾಲಿಯಾಗದಿದ್ದರೆ, ಸದಾ ನೇತಾಡುವ ಚೀಲಕ್ಕಿಂತ ಹೊತ್ತು ಹೊತ್ತಿಗೆ ತೆಳ್ಳನೆಯ ನಳಿಕೆ ಹಾಕಿ ಖಾಲಿ ಮಾಡಿ ತೆಗೆಯುವುದು ಹೆಚ್ಚಿನವರಿಗೆ ಒಳ್ಳೆಯದು. ಆಸ್ಪತ್ರೆಯವರು ಇದನ್ನು ಸಿಐಸಿ ಅನ್ನುತ್ತಾರೆ. ಅಮೆರಿಕದ ಮಿಷಿಗನ್‌ನ ಮೂತ್ರರೋಗ ತಜ್ಞ ಜ್ಯಾಕ್ ಲಾಪಿಡೆಸ್ 1972ರಲ್ಲಿ ಈ ಪದ್ಧತಿಯನ್ನು ಮುಂದಿಟ್ಟರು. ಅಲ್ಲಿಯವರೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ಮಡಿ ಬೇಕು ಎಂಬ ನಂಬಿಕೆಯಿತ್ತು. ಅವರ ವಾದ ಸರಳ: ಸೋಂಕಿಗೆ ಕಾರಣ ಕೈಯ ಕ್ರಿಮಿಗಿಂತ ಹೆಚ್ಚಾಗಿ, ತುಂಬಿ ಬಿರಿಯುವಂತೆ ಹಿಗ್ಗಿದ ಮೂತ್ರಕೋಶ. ಸೋಪಿನಲ್ಲಿ ಕೈ ತೊಳೆದರೆ ಸಾಕು, ಹೊತ್ತು ಮಾತ್ರ ತಪ್ಪಬಾರದು.

ನನ್ನ ಹೊತ್ತು ಹೀಗಿದೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ದಿನಕ್ಕೆ ನಾಲ್ಕರಿಂದ ಆರು ಸಲ ಸಾಮಾನ್ಯ. ಕೈ ತೊಳೆದು, ಆ ಭಾಗವನ್ನು ಸೋಪು ನೀರಿನಿಂದ ಒರೆಸಿ, ನಳಿಕೆಗೆ ಜೆಲ್ಲಿ ಹಚ್ಚಿ ನಿಧಾನವಾಗಿ ತೂರಿಸಿ. ತಡೆ ಸಿಕ್ಕರೆ ನೂಕಬೇಡಿ. ಕೆಮ್ಮಿ, ಉಸಿರು ಬಿಟ್ಟು ಅರೆನಿಮಿಷ ಕಾಯಿರಿ. ಹರಿವು ನಿಂತ ಮೇಲೆ ನಳಿಕೆಯನ್ನು ಸ್ವಲ್ಪ ಸ್ವಲ್ಪವೇ ಹಿಂದೆಳೆದರೆ ತಳದಲ್ಲಿ ಉಳಿದದ್ದೂ ಬರುತ್ತದೆ. ಹೆಂಗಸರು ಮೊದಮೊದಲು ಕನ್ನಡಿ ಇಟ್ಟುಕೊಂಡು ಕಲಿಯುತ್ತಾರೆ, ವಾರದಲ್ಲಿ ಬೆರಳಿಗೇ ದಾರಿ ಗೊತ್ತಾಗುತ್ತದೆ. ಬಂದದ್ದನ್ನು ಅಳತೆ ಜಗ್ಗಿಗೆ ಹಿಡಿದು ಬರೆಯಿರಿ. ಒಂದು ಸಲಕ್ಕೆ 500 ಮಿಲಿ ಲೀಟರ್ ದಾಟುತ್ತಿದ್ದರೆ ನಡುವಿನ ಅಂತರ ಹೆಚ್ಚಾಯಿತು ಅಂತಲೇ ಅರ್ಥ. ನಳಿಕೆ ಒಮ್ಮೆ ಬಳಸಿ ಎಸೆಯುವುದು ಉತ್ತಮ. ಖರ್ಚು ತೂಗಿಸಲು ತೊಳೆದು ಒಣಗಿಸಿ ಬಳಸುವವರು ನಮ್ಮಲ್ಲಿ ಬಹಳ. ಹಾಗಾದರೆ ಎಷ್ಟು ದಿನ, ಹೇಗೆ ಎಂಬುದನ್ನು ನರ್ಸ್ ಹತ್ತಿರವೇ ಕಲಿಯಿರಿ.

ಮದುವೆ ಮನೆಗೆ ಹೋಗುವಾಗ ನೀರು ಕುಡಿಯದೇ ಹೋಗುವ ಚಟ ನನಗೂ ಅಂಟಿತ್ತು. ಅದು ತಪ್ಪು. ದಿನವಿಡೀ ಹಂಚಿಕೊಂಡು ಕುಡಿದು, ರಾತ್ರಿ 8ರ ನಂತರ ಕಡಿಮೆ ಮಾಡಿ.

ಸೋಂಕಾದರೆ ಎಲ್ಲರಂತೆ ನಮಗೆ ಉರಿ ತಿಳಿಯುವುದಿಲ್ಲ. ನಮ್ಮ ಸೂಚನೆಗಳೇ ಬೇರೆ: ಚಳಿಜ್ವರ, ಕದಡಿದ ನಾರುವ ಮೂತ್ರ, ನಡುನಡುವೆ ಸೋರುವುದು, ಕಾಲಿನ ಸೆಳೆತ ಇದ್ದಕ್ಕಿದ್ದಂತೆ ಹೆಚ್ಚುವುದು. ಇವು ಇಲ್ಲದೆ, ಬರೀ ಲ್ಯಾಬ್ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಪ್ರತಿ ಸಲ ಆಂಟಿಬಯೋಟಿಕ್ ನುಂಗಬೇಕಿಲ್ಲ. ನಳಿಕೆ ಬಳಸುವವರ ಮೂತ್ರದಲ್ಲಿ ಅವು ಇದ್ದೇ ಇರುತ್ತವೆ.

ಚರ್ಮ: ಕಣ್ಣೇ ಈಗ ಸ್ಪರ್ಶ

ಆ ಚಳಿಗಾಲ ಪಾದ ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ. ಆರಲು ಏಳು ವಾರ ಬೇಕಾಯಿತು, ಅಷ್ಟೂ ದಿನ ನಿಲ್ಲುವ ಅಭ್ಯಾಸಕ್ಕೆ ರಜೆ. ಬಿಸಿ ಕಾವು, ಬೆಂಕಿಯ ಪಕ್ಕ ಕೂರುವುದು, ತೊಡೆಯ ಮೇಲೆ ಬಿಸಿ ಕಾಫಿ ಲೋಟ, ಮಧ್ಯಾಹ್ನದ ಬಿಸಿಲಿಗೆ ಕಾದ ಸ್ಕೂಟರ್ ಸೀಟು, ಎಲ್ಲ ವರ್ಜ್ಯ. ಸ್ನಾನದ ನೀರನ್ನು ಸ್ಪರ್ಶವಿರುವ ಕೈಯಿಂದಲೇ ನೋಡಿ.

ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮನೆಯವರು ಅಲಾರಂ ಇಟ್ಟುಕೊಂಡು ಪಾಳಿ ಹಂಚಿಕೊಳ್ಳಲಿ. ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟುವ ಮನೆಗಳಲ್ಲಿ ಎರಡನೇ ರೋಗಿ ಬೇಗ ತಯಾರಾಗುತ್ತಾಳೆ. ಕುರ್ಚಿಯಲ್ಲಿ ಕೂತಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಬೇಕು, ಆಗದಿದ್ದರೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಭಾರ ತಪ್ಪಿಸಬೇಕು. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಬೆನ್ನಿನ ತಳ, ಕುಂಡೆ, ಹಿಮ್ಮಡಿ ನೋಡಿ. ಒತ್ತಿದರೂ ಬಿಳಿಯಾಗದ ಕೆಂಪು ಗುರುತು ಅಥವಾ ಸುತ್ತಲಿಗಿಂತ ಕಪ್ಪಾದ ಚರ್ಮ ಕಂಡರೆ, ಅದು ಹೋಗುವವರೆಗೆ ಆ ಜಾಗದ ಮೇಲೆ ಭಾರ ಬೇಡ. ಅಲ್ಲಿ ಉಜ್ಜಿ ಮಾಲೀಸು ಮಾಡುವುದೂ ಬೇಡ.

ಮಲ ವಿಸರ್ಜನೆ

ಪ್ರತಿದಿನ ಅಥವಾ ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ. ತಿಂಡಿ ಕಾಫಿಯಾಗಿ ಅರ್ಧ ಗಂಟೆಯ ಹೊತ್ತು ಒಳ್ಳೆಯದು, ಹೊಟ್ಟೆಗೆ ಬಿದ್ದ ಕೂಡಲೇ ಕರುಳು ತಾನೇ ಮುಂದಕ್ಕೆ ದೂಡುತ್ತದೆ. ಸೊಪ್ಪು, ರಾಗಿ, ಬಾಳೆಹಣ್ಣು, ಸಾಕಷ್ಟು ನೀರು, ಬೇಕಿದ್ದರೆ ಇಸಬ್ಗೋಲು. ಸಾಲದಿದ್ದರೆ ಗುದದಲ್ಲಿಡುವ ಗುಳಿಗೆ ಅಥವಾ ಕೈಗವಸು ಹಾಕಿದ ಬೆರಳಿನಿಂದ ಪ್ರಚೋದಿಸುವ ಕ್ರಮವಿದೆ, ನರ್ಸ್ ತೋರಿಸಿಕೊಡುತ್ತಾರೆ. ನಾಚಿಕೆ ಎರಡು ದಿನ ಇರುತ್ತದೆ. ನೆಲದ ಕಕ್ಕಸು ಇರುವ ಮನೆಗಳಲ್ಲಿ ನಡುವೆ ತೂತಿರುವ ಕುರ್ಚಿಯನ್ನು ಅದರ ಮೇಲೆ ಇಟ್ಟರಾಯಿತು. ತೂತಿನ ಅಂಚಿಗೆ ಮೆತ್ತೆ ಮಾತ್ರ ಮರೆಯಬೇಡಿ.

ಈಗ ಕಾಲು

ಸುಧಾರಣೆ ಹೆಚ್ಚಾಗಿ ಕಾಣುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ನಿಧಾನವಾಗಿ ಎರಡು ವರ್ಷದವರೆಗೆ, ಕೆಲವರಿಗೆ ಇನ್ನೂ ಮುಂದಕ್ಕೂ ನಡೆಯುತ್ತದೆ. ಸ್ಥೂಲವಾಗಿ ಮೂರರಲ್ಲಿ ಒಬ್ಬರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಒಬ್ಬರಿಗೆ ಕುಂದು ಸ್ವಲ್ಪ ಉಳಿಯುತ್ತದೆ, ಇನ್ನೊಬ್ಬರಿಗೆ ಬಹಳ ಉಳಿಯುತ್ತದೆ. ಯಾರು ಯಾವ ಪಾಲಿಗೆ ಎಂದು ಮೊದಲ ವಾರದಲ್ಲೇ ಹೇಳುವವರನ್ನು ನಂಬಬೇಡಿ, ‘ಮೂರು ತಿಂಗಳಲ್ಲಿ ಓಡಿಸುತ್ತೇನೆ’ ಎಂದು ಎಣ್ಣೆ ಮಾರುವವರನ್ನಂತೂ ಬೇಡವೇ ಬೇಡ.

ಹಾಸಿಗೆಯಲ್ಲಿರುವಾಗಲೇ ದಿನಕ್ಕೆ ಎರಡು ಸಲ ಪ್ರತಿ ಕೀಲನ್ನೂ ಪೂರ್ತಿ ಆಡಿಸಬೇಕು. ಪಾದ ಕೆಳಕ್ಕೆ ಜೋತು ಹಾಗೆಯೇ ಗಟ್ಟಿಯಾದರೆ ಮುಂದೆ ಬಲ ಬಂದರೂ ನಿಲ್ಲಲು ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಆಮೇಲೆ ಕೂರುವ ಸಮತೋಲ, ಮಂಚದಿಂದ ಕುರ್ಚಿಗೆ ಜಾರುವುದು, ಆಧಾರ ಹಿಡಿದು ನಿಲ್ಲುವುದು, ಪ್ಯಾರಲಲ್ ಬಾರ್, ವಾಕರ್. ಪಾದ ಎತ್ತಲಾಗದವರಿಗೆ ಎಎಫ್ಒ ಎಂಬ ಪ್ಲಾಸ್ಟಿಕ್ ಪಟ್ಟಿ. ಒಂದು ಮೀನಖಂಡ ಮಾತ್ರ ಊದಿಕೊಂಡು ಬಿಸಿಯಾಗಿದ್ದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ನಮ್ಮ ಕಡೆಯವರು ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಗೂ ಹೋಗುತ್ತಾರೆ. ಅಲ್ಲಿ ಆ ಕೆಲಸ ಕಟ್ಟಿದವರು ಡಾ. ಮೇರಿ ವರ್ಗೀಸ್. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಬಲ ಹೋದ ಮೇಲೆ, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ಫಿಸಿಯೋಥೆರಪಿ ಹಾಲ್‌ನಲ್ಲಿ ಕೂತು ಬೇಸರವಾದಾಗ ನನಗೆ ನೆನಪಾಗುತ್ತಿದ್ದುದು ಅವರು.

ಸೆಳೆತ ಪೂರ್ತಿ ಶತ್ರುವಲ್ಲ. ಎದ್ದು ನಿಲ್ಲುವಾಗ ಆ ಬಿಗಿತವೇ ಕೆಲವರ ಊರುಗೋಲು. ನಿದ್ದೆ ಕೆಡಿಸುವಷ್ಟಾದರೆ ಬ್ಯಾಕ್ಲೊಫೆನ್ ಕೊಡುತ್ತಾರೆ. ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ, ಊರಿಗೆ ಹೋಗುವಾಗ ಮಾತ್ರೆಯ ಪಟ್ಟಿ ಮೊದಲು ಚೀಲ ಸೇರಲಿ. ಚರ್ಮ ಉರಿಯುವ, ಕರೆಂಟು ಹೊಡೆದಂತಹ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥವು ಬೇಕು. ಬಿಸಿಲಿಗೆ, ಜ್ವರಕ್ಕೆ ಕಾಲು ಮತ್ತೆ ಸೋತು, ತಣ್ಣಗಾದ ಮೇಲೆ ಸರಿಹೋದರೆ ಅದು ಮರುದಾಳಿಯಲ್ಲ, ಗಾಯಗೊಂಡ ನರದ ಸ್ವಭಾವ. ಹೊಸ ದೌರ್ಬಲ್ಯ 24 ಗಂಟೆ ದಾಟಿಯೂ ಉಳಿದರೆ, ಅಥವಾ ಒಂದು ಕಣ್ಣು ಮಂಜಾದರೆ ಕೂಡಲೇ ಫೋನ್ ಮಾಡಿ.

ಗೋಡೆಗೆ ಅಂಟಿಸಬೇಕಾದ ಒಂದು ಚೀಟಿ

ಉರಿಯೂತ ಎದೆಯ ಆರನೇ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದವರಿಗೆ ಇದು ಮುಖ್ಯ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು, ಬಿಪಿ ವಿಪರೀತ. ವೈದ್ಯರ ಭಾಷೆಯಲ್ಲಿ ಇದು ‘ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ’. ಒಳಗೆ ಯಾವುದೋ ತೊಂದರೆ ಆಗಿದೆ, ಹೇಳಲು ದಾರಿಯಿಲ್ಲದೆ ದೇಹ ಹೀಗೆ ಕೂಗುತ್ತಿದೆ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ, ಬೆಲ್ಟು ಸಡಿಲಿಸಿ. ಮೂತ್ರ ಖಾಲಿ ಮಾಡಿ. ನಳಿಕೆ ಇದ್ದರೆ ಎಲ್ಲಾದರೂ ಮಡಚಿದೆಯೇ ನೋಡಿ. ಬಹಳ ಸಲ ಇಷ್ಟಕ್ಕೇ ಇಳಿಯುತ್ತದೆ. ಇಳಿಯದಿದ್ದರೆ ಆಂಬುಲೆನ್ಸ್. ಅನೇಕ ಕಡೆ ಡ್ಯೂಟಿ ಡಾಕ್ಟರಿಗೂ ಇದು ಹೊಸದು, ಚೀಟಿ ಜೊತೆಗೇ ಒಯ್ಯಿರಿ.

ಕಾಗದಪತ್ರ, ಮನೆ, ಚಪ್ಪಲಿ

ಕುಂದು ಉಳಿಯುತ್ತದೆ ಎಂದು ಖಚಿತವಾದ ಮೇಲೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬಿಕೊಡುವುದು ಅವರ ಕೆಲಸ.

ಗಂಡ ಹೆಂಡಿರ ನಡುವಿನ ವಿಷಯವನ್ನು ಯಾವ ವೈದ್ಯರೂ ತಾವಾಗಿ ಎತ್ತುವುದಿಲ್ಲ, ನೀವೇ ಕೇಳಿ, ಅದಕ್ಕೂ ಮದ್ದಿದೆ. ಮನಸ್ಸು ಕುಸಿದರೆ, ಬೆಳಿಗ್ಗೆ ಏಳುವುದೇ ಬೇಡವೆನಿಸಿದರೆ ಅದನ್ನೂ ಹೇಳಿ, ಅದೂ ಚಿಕಿತ್ಸೆಯ ಒಂದು ಭಾಗ.

ಬಚ್ಚಲಿನ ಹೊಸಿಲು ಒಡೆಸಿ, ಗೋಡೆಗೆ ಹಿಡಿ ಹಾಕಿಸಿ. ಹವಾಯಿ ಚಪ್ಪಲಿಯನ್ನು ಯಾರಿಗಾದರೂ ಕೊಟ್ಟುಬಿಡಿ. ಹಿಮ್ಮಡಿಗೆ ಪಟ್ಟಿ ಇರುವ, ಒಳಗೆ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಕೊಳ್ಳಿ. ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲಿದೆಯೇ ನೋಡಿ. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ತೆಗೆದು, ಟಾರ್ಚ್ ಬಿಟ್ಟು ಪಾದ ನೋಡಿ. ಮರುದಿನ ಒಂದು ಗಂಟೆ.