ಕತ್ತು ನೋವಿಗೆ ಬಿಪಿ ಪಟ್ಟಿ: ಸಾಗರದಲ್ಲಿ ನನ್ನ ಅನುಭವ

ಅಡಿಕೆ ಸುಲಿಯುವ ಕಾಲ ಬಂತು ಅಂದ್ರೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕತ್ತು ನೋವಿನವರೇ ಜಾಸ್ತಿ. ರಾತ್ರಿ ಹತ್ತು ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ತಲೆ ಬಗ್ಗಿಸಿ ಕೂತವರು. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲ್ಲ. ಮೊದಲ ಮೂರು ವರ್ಷ ನಾನೂ ಎಲ್ಲರ ಹಾಗೆ ಹಾಟ್ ಪ್ಯಾಕ್, ಐಎಫ್‌ಟಿ (ನೋವಿಗೆ ಕರೆಂಟ್ ಕೊಡುವ ಯಂತ್ರ), ಟ್ರಾಕ್ಷನ್ (ಕತ್ತು ಎಳೆಯುವ ಯಂತ್ರ) ಅಂತ ಓಡಿಸಿದೆ. ಐಎಫ್‌ಟಿ ಕೊಳ್ಳಲು ಮೂವತ್ತು ಸಾವಿರದ ಹತ್ತಿರ, ಟ್ರಾಕ್ಷನ್‌ಗೆ ಅದಕ್ಕಿಂತ ಜಾಸ್ತಿ. ಎಲ್ಲಾ ಸಾಲ. ಹತ್ತು ಸಿಟ್ಟಿಂಗ್ ಮುಗಿಸಿ ನಗುತ್ತಾ ಹೋದವರು ಹದಿನೈದು ದಿನಕ್ಕೆ ಮತ್ತೆ ಬಾಗಿಲಲ್ಲಿ. ಗಲ್ಲಾಪೆಟ್ಟಿಗೆಗೆ ಅದು ಒಳ್ಳೆಯದೇ, ಸುಳ್ಳೇಕೆ ಹೇಳಲಿ. ಆದರೆ ಅದೇ ಮುಖ ಮೂರನೇ ಸಲ ನೋಡುವಾಗ ನಾಚಿಕೆ ಆಗುತ್ತಿತ್ತು.

ಕತ್ತಿನ ಮುಂಭಾಗದ ಒಳಸ್ನಾಯುಗಳಿಗೆ ಕೆಲಸ ಕೊಡುವ ಆಸ್ಟ್ರೇಲಿಯಾದ ಫಿಸಿಯೋ ಗ್ವೆಂಡೊಲಿನ್ ಜುಲ್ ಅವರ ವಿಧಾನ ಕಾಲೇಜಿನಲ್ಲೇ ಓದಿದ್ದೆ. ಅದಕ್ಕೆ ಬೇಕಾದ ಪ್ರೆಷರ್ ಬಯೋಫೀಡ್‌ಬ್ಯಾಕ್ ಯೂನಿಟ್ಟಿನ (ಕತ್ತಿನ ಕೆಳಗಿಟ್ಟು ಒತ್ತಡ ನೋಡುವ ಗಾಳಿಚೀಲದ) ಬೆಲೆ ಕೇಳಿ ಸುಮ್ಮನಾಗಿದ್ದೆ. ಕೊನೆಗೆ ಮೂಲೆಯಲ್ಲಿದ್ದ ಮುಳ್ಳಿನ ಬಿಪಿ ಮೀಟರ್ ತೆಗೆದೆ. ತೋಳಿಗೆ ಸುತ್ತುವ ದೊಡ್ಡವರ ಪಟ್ಟಿ ಮಡಚಿ, ಮಲಗಿದವರ ಕತ್ತಿನ ಕೆಳಗೆ ಇಟ್ಟರೆ ದಪ್ಪ ಆಗಿ ಗದ್ದ ಮೇಲೆದ್ದಿತು. ಎರಡು ವಾರ ದಂಡ. ಆಮೇಲೆ ಮಕ್ಕಳ ಪಟ್ಟಿ ತಂದೆ, ಇನ್ನೂರೈವತ್ತು ರೂಪಾಯಿ ಇರಬೇಕು. 20ಕ್ಕೆ ಗಾಳಿ ತುಂಬಿ, ಎರಡೆರಡೇ ಏರಿಸುತ್ತಾ 30ರವರೆಗೆ. ಹತ್ತು ಸೆಕೆಂಡ್, ಹತ್ತು ಸಲ. ಏರಿಸೋದು ಗಾಳಿ ತುಂಬಿ ಅಲ್ಲ, ಪೇಷಂಟು ಅಂಗಾತ ಮಲಗಿ ಮೆಲ್ಲಗೆ ಹೂಂ ಅನ್ನುವ ಹಾಗೆ ತಲೆ ಆಡಿಸಿ.

ಮೊದಲ ಐದಾರು ಜನರಲ್ಲಿ ಪೂರ್ತಿ ಸೋತೆ. ಮುಳ್ಳು ಏರಿಸಿ ಅಂದ ಕೂಡಲೇ ತಲೆಯನ್ನೇ ಹಿಂದಕ್ಕೆ ಒತ್ತುತ್ತಾರೆ, ಮುಳ್ಳು 40 ದಾಟುತ್ತೆ. ಹಲ್ಲು ಕಚ್ಚುತ್ತಾರೆ, ಕತ್ತಿನ ಪಕ್ಕದ ದೊಡ್ಡ ಸ್ನಾಯು ಸ್ಟರ್ನೋಮ್ಯಾಸ್ಟಾಯ್ಡ್ ಹಗ್ಗದ ಹಾಗೆ ಎದ್ದು ನಿಲ್ಲುತ್ತೆ. ಒಬ್ಬ ಅಕ್ಕ "ಡಾಕ್ಟ್ರೇ, ಇದ್ದ ನೋವು ಜಾಸ್ತಿ ಮಾಡಿ ಕಳಿಸಿದ್ರಿ" ಅಂತ ಮಗನನ್ನು ಕರೆದುಕೊಂಡೇ ಬಂದರು. ದುಡ್ಡು ವಾಪಸ್ ಕೊಟ್ಟೆ. ಮಾರನೇ ದಿನದಿಂದ ಮೀಟರನ್ನು ನನ್ನ ಕಡೆ ತಿರುಗಿಸಿಕೊಂಡೆ. "ಅತ್ತೆ ಏನೋ ಹೇಳಿದಾಗ ಮನಸ್ಸಿಲ್ಲದೆ ಹೂಂ ಅಂತೀರಲ್ಲ, ಅಷ್ಟೇ ತಲೆ ಆಡಿಸಿ" ಅಂದೆ. ನಕ್ಕರು. ಮುಳ್ಳು ಮೆಲ್ಲಗೆ 22ಕ್ಕೆ ಬಂದು ಅಲ್ಲೇ ನಿಂತಿತು.

ಬರೀ ಅದರಿಂದಲೇ ಆಗಲಿಲ್ಲ. ಮೊದಲು ಬೆನ್ನಿನ ಮೇಲ್ಭಾಗ ಸಡಿಲ ಮಾಡಿ, ಆಮೇಲೆ ಪಟ್ಟಿ ಇಟ್ಟಾಗ ಫಲ ಬೇಗ ಸಿಕ್ಕಿತು. ಟಿ4 (ಎದೆಭಾಗದ ಬೆನ್ನುಮೂಳೆಯ ನಾಲ್ಕನೇ ಮಣಿ) ಹತ್ತಿರ ಕೈ ಹೇಗೆ ಇಡ್ತೀನಿ ಅನ್ನೋದು ಇಲ್ಲಿ ಬೇಡ, ನನಗೂ ಹೊಟ್ಟೆಪಾಡಿದೆ. ಕೈ ಜೋಮು, ಹಿಡಿತ ಸಡಿಲ, ನಡಿಗೆ ತೂರಾಟ ಇದ್ದವರನ್ನು ಮುಟ್ಟಲಿಲ್ಲ, ಡಾಕ್ಟರ ಹತ್ತಿರ ಕಳಿಸಿದೆ.

ನಡುವೆ ಇನ್ನೊಂದು ಹುಚ್ಚು. ಮೆಟ್ಟುಗತ್ತಿಯನ್ನೇ ನಾಲ್ಕು ಇಂಚು ಎತ್ತರಿಸಿದರೆ ತಲೆ ಅಷ್ಟು ಬಗ್ಗಲ್ಲ ಅಲ್ವಾ? ಬಡಗಿ ಹತ್ತಿರ ಆರು ಹಲಗೆ ಮಾಡಿಸಿ ಹಂಚಿದೆ. ಎರಡೇ ದಿನಕ್ಕೆ ತೆಗೆದಿಟ್ಟರು. ಕೆಜಿ ಲೆಕ್ಕದ ಕೂಲಿ, ಎತ್ತರಕ್ಕೆ ಕೈ ಓಡಲ್ಲ. ಒಂದು ಹಲಗೆ ಈಗ ಯಾರದೋ ಮನೆಯಲ್ಲಿ ಮಣೆ ಆಗಿದೆ.

"ಬಿಪಿ ಪಟ್ಟಿ ಇಟ್ಟು ದುಡ್ಡು ತಗೋತೀರಾ?" ಅಂತ ಪರಿಚಯದ ಫಿಸಿಯೋ ಒಬ್ಬರು ನಕ್ಕಿದ್ದರು. ಪೇಷಂಟುಗಳದ್ದೂ ಒಂದೇ ಪ್ರಶ್ನೆ, "ಕರೆಂಟ್ ಕೊಡಲ್ವಾ?" ಅವರ ಸಮಾಧಾನಕ್ಕೆ ಐದು ನಿಮಿಷ ಶಾಖ ಈಗಲೂ ಕೊಡ್ತೀನಿ. ಹೋದ ಸುಗ್ಗಿಯಲ್ಲಿ ಮೂವತ್ತೈದು ನಲವತ್ತು ಜನ ಇರಬಹುದು, ಆರು ವಾರದಲ್ಲಿ ಐದಾರು ಸಿಟ್ಟಿಂಗ್. ಈ ಸಲ ಫೋನ್ ಮಾಡಿ ಕೇಳಿದೆ, ಇಪ್ಪತ್ತೈದರಷ್ಟು ಮಂದಿ ನೋವಿಲ್ಲದೆ ಸುಲಿಯುತ್ತಿದ್ದಾರೆ. ಮೊದಲ ಎರಡು ತಿಂಗಳು ಆದಾಯ ಅರ್ಧಕ್ಕೆ ಇಳಿದಿತ್ತು. ಆಮೇಲೆ ಅವರ ನಾದಿನಿ, ಓರಗಿತ್ತಿ ಎಲ್ಲಾ ಬಂದರು. ನಕ್ಕಿದ್ದ ಆ ಫಿಸಿಯೋ ಮೊನ್ನೆ ಪಟ್ಟಿಯ ಅಳತೆ ಕೇಳಿದರು, ಹೇಳಿದೆ.

ಟ್ರಾಕ್ಷನ್ ಅರ್ಧ ಬೆಲೆಗೆ ಮಾರಿದೆ. ಪಟ್ಟಿ ಮಾತ್ರ ಈಗಿನದ್ದು ಮೂರನೆಯದು. ನಮ್ಮ ಮಳೆಗಾಲದಲ್ಲಿ ಒಳಗಿನ ರಬ್ಬರ್ ಅಂಟಂಟಾಗಿ ಗಾಳಿ ಸೋರುತ್ತೆ, ಮುಳ್ಳು ತಾನಾಗೇ ಇಳಿದರೆ ಪೇಷಂಟನ್ನು ಬೈಯಬೇಡಿ. ಸ್ವಲ್ಪ ಪೌಡರ್ ಹಾಕಿಡಿ.